ಎಡಗಿವಿಯ ನೌಕರಿ

ಎಂಟು ವರ್ಷ ನಾನು ಎಡಗಿವಿ ಕೇಳದವಳು ಅನ್ನಿಸಿಕೊಂಡು ನೌಕರಿ ಮಾಡಿದ್ದೇನೆ. ನನ್ನ ಎರಡೂ ಕಿವಿಗಳು ಚೆನ್ನಾಗಿವೆ. ಬೇಕಾದದ್ದಕ್ಕಿಂತ ಹೆಚ್ಚೇ ಚೆನ್ನಾಗಿವೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಚಮಚದಿಂದ ಲೋಟದ ತಳ ಕೆರೆದರೆ ನನ್ನ ಹಲ್ಲು ಜುಮ್ಮೆನ್ನುತ್ತವೆ. ಆದರೂ ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಕಿರಾಣಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ನಮ್ಮ ಆಫೀಸಿಗೆಲ್ಲ ನಾನು ಕಿವಿ ಮಂದ ಇರುವ ಹುಡುಗಿ. ಆ ಸುಳ್ಳನ್ನು ನಾನು ಹೇಳಿದ್ದಲ್ಲ. ಅದು ಸುಳ್ಳು ಎಂದು ನಾನು ಬಾಯಿ ಬಿಟ್ಟೂ ಹೇಳಲಿಲ್ಲ.

ಜತ್ತದ ಹತ್ತಿರದ ನಮ್ಮ ಹಳ್ಳಿ ಯಳವಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಗಿರಣಿ ನಿಂತಾಗಲೂ ಕೂಗಿಯೇ ಮಾತಾಡುವ ರೂಢಿ ಅಪ್ಪನದು. ಬೆಳಿಗ್ಗೆ ಪಟ್ಟಾ ಹಾಕಿದ ಸದ್ದು ಬಂತೆಂದರೆ ನಾನು ಪಾಟಿಚೀಲ ಹಿಡಿದು ಹಿತ್ತಲಿಗೆ ಓಡುತ್ತಿದ್ದೆ. ಶಾಲೆಯಲ್ಲಿ ಗಣಿತದಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ, ಆದರೆ ಮನೆಗೆ ಬಂದ ಅತಿಥಿಗಳಿಗೆ 'ಬರ್ರಿ, ಕುಂದ್ರಿ' ಅನ್ನುವಷ್ಟು ಮಾತೂ ನನ್ನ ಬಾಯಿಂದ ಸಮಯಕ್ಕೆ ಹೊರಡುತ್ತಿರಲಿಲ್ಲ. ಅದು ಹೊರಡುವ ಹೊತ್ತಿಗೆ ಅವರು ಚಹಾ ಕುಡಿದು ಹೋಗಿರುತ್ತಿದ್ದರು. "ಶ್ಯಾಣ್ಯಾ ಅದಾಳ, ಆದ್ರ ಒಂಥರಾ" ಎಂದು ಓಣಿಯ ಹೆಂಗಸರು ಅವ್ವನೆದುರೇ ಹೇಳುತ್ತಿದ್ದರು. ಮೂವತ್ತರ ಹತ್ತಿರ ಬರುವವರೆಗೂ ನನಗಿದ್ದದ್ದಕ್ಕೆ ಅದೊಂದೇ ಹೆಸರು.

ಬಿ.ಎಸ್ಸಿ. ಮುಗಿದ ಮೇಲೆ ಜತ್ತದಲ್ಲಿ ಹೊಸದಾಗಿ ಶುರುವಾಗಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಚಪ್ಪಲಿ ಹೊರಗೆ ಬಿಟ್ಟು ದೇವರ ಕೋಣೆಗೆ ಹೋದಂತೆ ಒಳಗೆ ಹೋಗಬೇಕಿತ್ತು. ಕಂಪ್ಯೂಟರು ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿತ್ತು, 'ಮತ್ತೇನು ಸಮಾಚಾರ' ಎಂದು ಕೇಳುತ್ತಿರಲಿಲ್ಲ. ನಾನು ತಪ್ಪು ಬರೆದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹೇಳುತ್ತಿತ್ತು. ಮನುಷ್ಯರು ಅಷ್ಟು ಉಪಕಾರವನ್ನೂ ನನಗೆ ಎಂದೂ ಮಾಡಿರಲಿಲ್ಲ. ಮೂರು ತಿಂಗಳಲ್ಲಿ ಕಲಿಸುವ ಸರ್ ತಮ್ಮ ಹೊರಗಿನ ಕೆಲಸವನ್ನೆಲ್ಲ ನನ್ನ ಕೈಯಲ್ಲಿ ಬರೆಸತೊಡಗಿದರು.

ಅವರೇ ನನ್ನನ್ನು ಸಾಂಗ್ಲಿಯ ಒಂದು ಸಂದರ್ಶನಕ್ಕೆ ಕಳಿಸಿದರು. ಮೇಜಿನಾಚೆ ಮೂವರು ಗಂಡಸರು. ಮೊದಲ ಪ್ರಶ್ನೆ, ನಿಮ್ಮ ಬಗ್ಗೆ ಹೇಳಿ. ನನ್ನ ಬಗ್ಗೆ ಎಂದರೆ ಯಾವುದು? ಊರೋ, ಕಲಿತದ್ದೋ, ತೂಕವೋ? ಬಹಳ ಹೊತ್ತು ಯೋಚಿಸಿ, "ಯಾವ ವಿಷಯ?" ಎಂದು ಕೇಳಿದೆ. ಅವರು ನಕ್ಕರು. ಅಷ್ಟರಲ್ಲಿ ಫೋನು ಬಂತು, ಚಹಾ ಬಂತು, ಒಬ್ಬರು ಕೇಳಿದ ಪ್ರಶ್ನೆ ಮುಗಿಯುವ ಮೊದಲೇ ಇನ್ನೊಬ್ಬರು ಕೇಳಿದರು. ಮೇಲೆ ಪಂಖಾ ಪ್ರತಿ ಸುತ್ತಿಗೂ ಒಮ್ಮೆ ಕಟ್ ಅನ್ನುತ್ತಿತ್ತು. ನಾನು ಮೇಜಿನ ಗಾಜಿನ ಕೆಳಗಿದ್ದ ಕಾರ್ಡುಗಳ ಅಂಚನ್ನೇ ನೋಡುತ್ತ ಕುಳಿತೆ. ಹುಡುಗಿ ಜಾಣೆ ಇರಬಹುದು, ಆದರೆ ಜನರ ಜೊತೆ ಹೊಂದಿಕೊಳ್ಳುವವಳಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಸರ್‌ಗೆ ಹೇಳಿ ಕಳಿಸಿದರು. ಪ್ರೋಗ್ರಾಂ ಬರೆಯಲು ಬಂದವಳಿಗೆ ಒಂದೇ ಒಂದು ಪ್ರೋಗ್ರಾಂ ಕೊಟ್ಟು ನೋಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅದೇ ತಿಂಗಳು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಇಲ್ಲಿಯೂ ನಾನು ಕತ್ತು ಎತ್ತಲಿಲ್ಲ, ಜಮಖಾನೆಯ ಪಟ್ಟೆ ಎಣಿಸುತ್ತ ಕುಳಿತಿದ್ದೆ. "ಒಮ್ಮೆನೂ ಮಾರಿ ಎತ್ತಲಿಲ್ಲ ನೋಡ್ರಿ, ಎಷ್ಟ ಸೌಮ್ಯ ಹುಡುಗಿ" ಎಂದು ಹುಡುಗನ ತಾಯಿ ಖುಷಿಪಟ್ಟರು. ಸಾಂಗ್ಲಿಯಲ್ಲಿ ಐಬಾಗಿದ್ದದ್ದು ಯಳವಿಯಲ್ಲಿ ಗುಣವಾಗಿತ್ತು. ಕೊನೆಗೆ ಹುಡುಗ ಮನಸ್ಸಿಗೆ ಬಂದನೇ ಎಂದು ಕೇಳಿದರು. ನಾನು ನೋಡಿಲ್ಲ ಎಂದು ನಿಜ ಹೇಳಿದೆ. ಆ ಮಾತುಕತೆ ಅಲ್ಲಿಗೇ ಮುರಿಯಿತು.

ಆಗ ನಡುವೆ ಬಂದವನು ಮಾಮಾ, ಅವ್ವನ ಅಣ್ಣ. ಅಸಂಗಿಯವನು. ಸುತ್ತಿನ ಊರುಗಳಲ್ಲಿ ಬೀಗತನ ಕುದುರಿಸುವುದರಲ್ಲಿ ಅವನದು ಎತ್ತಿದ ಕೈ. ಅವನದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು: ಕನ್ಯೆ ತೋರಿಸುವ ಮೊದಲೇ ಐಬು ಹೇಳಿಬಿಡಬೇಕು.

"ಹಿಂದಿಂದ ಗೊತ್ತಾದ್ರ ಮೋಸ ಮಾಡಿದ್ರು ಅಂತಾರ. ಮೊದಲ ನಾವ ಹೇಳಿಬಿಟ್ರ ಖರೇ ಮಂದಿ ಅಂತಾರ" ಎನ್ನುತ್ತಿದ್ದ.

ಅದರಲ್ಲಿಯೂ ಅವನದೊಂದು ಕಸಬುದಾರಿಕೆಯಿತ್ತು. ಎಲ್ಲ ಐಬನ್ನೂ ಹೇಳುತ್ತಿರಲಿಲ್ಲ. ಎದುರು ಮನೆಯಲ್ಲಿ ಏನು ಕೊರತೆಯಿದೆ ಎಂದು ಮೊದಲು ವಿಚಾರಿಸಿಕೊಂಡು ಬರುತ್ತಿದ್ದ. ಅವರ ಮನೆಯಲ್ಲಿ ಒಬ್ಬ ಕುಂಟನಿದ್ದರೆ ನಮ್ಮ ಹುಡುಗಿಯ ಕಾಲಿನಲ್ಲೂ ಸಣ್ಣದೊಂದು ನೋವು ಹುಟ್ಟುತ್ತಿತ್ತು. ತಮ್ಮ ಮನೆಯಲ್ಲೇ ಇರುವ ಐಬಿಗೆ ಯಾರೂ ಮೂಗು ಮುರಿಯುವುದಿಲ್ಲ ಎಂಬುದು ಅವನ ಲೆಕ್ಕ. ಇದೇ ಪದ್ಧತಿಯನ್ನು ಅವನು ನನ್ನ ನೌಕರಿಗೂ ಹಚ್ಚಿದ.

ಜತ್ತದಲ್ಲಿ ಒಬ್ಬ ಸಾಹೇಬರು ಶಾಲೆಗಳಿಗೆ ಫಲಿತಾಂಶದ ಪಟ್ಟಿ ಮಾಡುವ ಪ್ರೋಗ್ರಾಂ ಬರೆಸುತ್ತಿದ್ದರು. ಮನೆಮಾತು ಮರಾಠಿ, ಪೇಟೆಯಲ್ಲಿ ಎಲ್ಲರಂತೆ ಕನ್ನಡವನ್ನೂ ಆಡುತ್ತಿದ್ದರು. ಅವರ ಕಾಕಾ ಒಬ್ಬರು ಕಿವುಡರು, ಚಿಕ್ಕಂದಿನಲ್ಲಿ ಇವರನ್ನು ಸಾಕಿದವರು ಎಂದು ಮಾಮಾ ಪತ್ತೆ ಮಾಡಿದ. ನನ್ನನ್ನು ಕರೆದುಕೊಂಡು ಹೋಗುವ ಎರಡು ದಿನ ಮೊದಲೇ ತಾನೊಬ್ಬನೇ ಹೋಗಿ ಮಾತಾಡಿ ಬಂದ. ಏನು ಮಾತಾಡಿದ ಎಂದು ನನಗೆ ಹೇಳಲಿಲ್ಲ.

ನಾನು ಹೋದ ದಿನ ಸಾಹೇಬರು ಎದ್ದು ಬಂದು, ನನ್ನ ಬಲಕ್ಕೆ ನಿಂತು, "ಬಾ ತಂಗಿ, ಕುಂದ್ರು" ಎಂದು ದೊಡ್ಡ ದನಿಯಲ್ಲಿ ಹೇಳಿದರು. ಆಮೇಲೆ ಒಂದು ಕಾಗದವನ್ನು ನನ್ನ ಮುಂದೆ ಸರಿಸಿದರು. ಪ್ರಶ್ನೆಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಕೈಯಾರೆ ಬರೆದಿದ್ದರು, ಒಂದರ ಕೆಳಗೊಂದು, ನಡುವೆ ಜಾಗ ಬಿಟ್ಟು. ಪೆನ್ನು ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಕೋಣೆಯಲ್ಲಿ ನಾನೊಬ್ಬಳೇ. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಯಾವ ಪ್ರಶ್ನೆಯೂ ಓಡಿಹೋಗುತ್ತಿರಲಿಲ್ಲ; ಮತ್ತೆ ಓದಿದರೆ ಅಲ್ಲೇ ಇರುತ್ತಿತ್ತು. ಒಂದು ಪ್ರಶ್ನೆಯ ಕೆಳಗೆ, 'ಇದಕ್ಕೆ ಎರಡು ಉತ್ತರಗಳು ಸಾಧ್ಯ, ನೀವು ಕೇಳಿದ್ದು ಯಾವುದು?' ಎಂದು ಬರೆದೆ. ಬಾಯಲ್ಲಿ ಹೇಳಿದ್ದರೆ ಉದ್ಧಟತನವಾಗುತ್ತಿತ್ತು. ಕಾಗದದ ಮೇಲೆ ಅದನ್ನು ಓದಿ ಸಾಹೇಬರು ಎರಡು ಸಲ ತಲೆಯಾಡಿಸಿದರು. ಅಲ್ಲೇ ನೌಕರಿ ಕೊಟ್ಟರು.

ತಿರುಗಿ ಬರುವಾಗ ಜೀಪಿನಲ್ಲಿ ಮಾಮಾ ವಿಷಯ ಬಿಚ್ಚಿದ.

"ಕಿವಿ ಮಂದ ಅಂತ ಹೇಳೀನಿ."

"ಯಾರದು?"

"ನಿಂದು. ಅದಕ್ಕ ಲಗೂನ ಉತ್ತರಾ ಕೊಡೂದುಲ್ಲ, ಮಾರಿ ನೋಡೂದುಲ್ಲ ಅಂತ ಹೇಳೀನಿ."

"ನನಗ ಚಲೋ ಕೇಳಸ್ತದಲ್ಲ ಮಾಮಾ."

"ಅದು ನನಗ ಗೊತ್ತದ. ಅವ್ರಿಗಿ ಗೊತ್ತಾಗೂದು ಬ್ಯಾಡ. ಎಡಗಿವಿ, ನೆನಪ ಇಟ್ಕೋ."

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ಇಲ್ಲಿ ಹೇಳುವಂಥದ್ದೇನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಮೊದಲಿನಿಂದ ಬರುತ್ತಿದ್ದ ವಿದ್ಯೆ. ಹಾಗೆ ನಾನು ಎಡಗಿವಿಯ ಹೆಸರಿನಲ್ಲಿ ಕೆಲಸಕ್ಕೆ ಸೇರಿದೆ.

ಸುದ್ದಿ ಜತ್ತದಿಂದ ಯಳವಿಗೆ ಬರಲು ಎಷ್ಟು ಹೊತ್ತು? ಗಿರಣಿಯವರ ಮಗಳಿಗೆ ಕಿವಿ ಕೇಳುವುದಿಲ್ಲವಂತೆ ಎಂದು ಹಿಟ್ಟು ಬೀಸಿಸಲು ಬಂದವರೇ ಅವ್ವನಿಗೆ ಹೇಳಿದರು. ಅಲ್ಲಿಗೆ ನನ್ನನ್ನು ನೋಡಲು ಬರುವವರು ನಿಂತರು. ಸತ್ಯ ಹೇಳಬೇಕೆಂದರೆ ನನಗೆ ನಿರಾಳವೇ ಆಯಿತು. ಅವ್ವನಿಗೆ ಆಗಲಿಲ್ಲ. "ಊರಾನ ಹುಡಿಗ್ಯಾರ್ನೆಲ್ಲಾ ದಾಟಿಸಿದಿ, ನನ್ನ ಮಗಳನ್ನ ಮನ್ಯಾಗ ಕುಂದರಿಸಿದಿ" ಎಂದು ಅಣ್ಣನ ಜೊತೆ ಮಾತು ಬಿಟ್ಟಳು. ತವರಿಗೆ ಹೋಗುವುದನ್ನೂ ಬಿಟ್ಟಳು.

ಆಫೀಸಿನಲ್ಲಿ ಸಾಹೇಬರು ಕಾನೂನು ಮಾಡಿದ್ದರು. ನನಗೆ ಹೇಳುವುದೆಲ್ಲ ಚೀಟಿಯಲ್ಲಿ ಬರೆದು ಕೊಡಬೇಕು. ನನ್ನ ಮೇಜು ಮೂಲೆಯಲ್ಲಿ, ಗಿರಾಕಿಗಳಿಂದ ದೂರ. ಹೆಡ್ ಮಾಸ್ತರರು ಬಂದು ಜಗಳಾಡಿದರೆ ಸಾಹೇಬರೇ ಕೇಳಿಸಿಕೊಂಡು, ಅದರ ತಿರುಳನ್ನಷ್ಟೇ ನನಗೆ ಬರೆದು ಕೊಡುತ್ತಿದ್ದರು. ಯಾವ ಹುಡುಗನಿಗೆ ಯಾವ ವಿಷಯದಲ್ಲಿ ಎಷ್ಟು ಗ್ರೇಸ್ ಅಂಕ ಕೊಟ್ಟರೆ ಪಾಸಾಗುತ್ತಾನೆ, ಯಾವ ನಿಯಮ ಯಾವುದನ್ನು ಮುರಿಯುತ್ತದೆ ಎಂಬುದನ್ನೆಲ್ಲ ಕೂಡಿಸಿ ನಾನೊಂದು ಪ್ರೋಗ್ರಾಂ ಬರೆದೆ. ಶಾಲೆಯವರು ಮೂರು ದಿನ ಕುಳಿತು ಮಾಡುತ್ತಿದ್ದದ್ದನ್ನು ಅದು ಚಹಾ ಕುಡಿಯುವಷ್ಟರಲ್ಲಿ ಮಾಡುತ್ತಿತ್ತು. ತಾಲ್ಲೂಕಿನ ಎಷ್ಟೋ ಶಾಲೆಗಳು ಅದನ್ನೇ ಬಳಸಿದವು. ನನಗೆ ಅದರ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಅದಕ್ಕೆ ತೆತ್ತದ್ದೂ ಇದೆ. ನನ್ನ ಎಡಕ್ಕೆ ನಿಂತವರು ನಾನಿಲ್ಲವೆಂಬಂತೆ ಮಾತಾಡುತ್ತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗಿ ಒಂದು ದಿನ ಇನ್ನೊಬ್ಬಳಿಗೆ, "ಮಶೀನ್ ಇದ್ದಂಗ ಅದಾಳ ನೋಡು. ನಗು ಇಲ್ಲ, ಅಳು ಇಲ್ಲ. ಇಕಿನ್ನ ಮನ್ಯಾಗ ಹ್ಯಾಂಗ ಸಹಿಸ್ತಾರೋ" ಎಂದಳು. ಒಂದು ಮೊಳ ದೂರದಲ್ಲಿ ನಾನು ಕೀಲಿಮಣೆ ಕುಟ್ಟುತ್ತಲೇ ಇದ್ದೆ. ಕೇಳಿಸಿತು ಅನ್ನುವಂತಿರಲಿಲ್ಲ. ಅಳು ಬಂದದ್ದು ಯಳವಿಯ ಬಸ್ಸಿನಲ್ಲಿ.

ಅದಕ್ಕಿಂತ ಚುಚ್ಚಿದ್ದು ಸಾಹೇಬರ ಒಳ್ಳೆಯತನ. ಮಿರಜದ ಆಸ್ಪತ್ರೆಯಿಂದ ಕಿವಿಯ ಮಶೀನಿನ ಕಾಗದ ತಂದು ನನ್ನ ಮೇಜಿನ ಮೇಲಿಟ್ಟು, 'ಕಾಕಾಗೆ ಇದರಿಂದ ಬಹಳ ಅನುಕೂಲವಾಗಿದೆ, ನಾನೇ ಕರೆದುಕೊಂಡು ಹೋಗುತ್ತೇನೆ' ಎಂದು ಚೀಟಿ ಬರೆದರು. ಬೇಡವೆಂದು ಬರೆದೆ. ಮುಂದಿನ ವರ್ಷ ಮತ್ತೆ ಕೇಳಿದರು. ನನಗೆ ನಾಚಿಕೆಯೆಂದು ತಿಳಿದುಕೊಂಡರು. ನಾಚಿಕೆಯೇನೋ ಇತ್ತು, ಅವರು ತಿಳಿದ ಕಾರಣಕ್ಕಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಆಫೀಸಿಗೆ ಇಂಟರ್ನೆಟ್ ಬಂತು. ಒಂದು ಮಧ್ಯಾಹ್ನ ಇನ್ನೇನನ್ನೋ ಹುಡುಕುತ್ತಿದ್ದಾಗ ಆಟಿಸಂ ಇರುವ ಹೆಂಗಸೊಬ್ಬಳು ತನ್ನ ಬಗ್ಗೆ ಬರೆದ ಪುಟ ಸಿಕ್ಕಿತು. ಚಮಚದ ಸದ್ದು, ತಡವಾಗಿ ಬರುವ ಮಾತು, ಮುಖ ನೋಡಿದರೆ ಮಾತು ಕೇಳಿಸದಿರುವುದು. ಪುಟವನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆ. ಮಿರಜದಲ್ಲಿ ಒಬ್ಬ ಡಾಕ್ಟರರ ಹತ್ತಿರ ಹೋದೆ. ಅವರು ಎರಡು ದಿನ ಪರೀಕ್ಷೆ ಮಾಡಿ, ಅವ್ವನನ್ನೂ ಕರೆಸಿ ನನ್ನ ಬಾಲ್ಯವನ್ನೆಲ್ಲ ಕೇಳಿ, ಹೌದು ಎಂದರು. ಮರಾಠಿಯಲ್ಲಿ ಇದಕ್ಕೆ ಸ್ವಮಗ್ನತೆ ಅನ್ನುತ್ತಾರಂತೆ. ನನ್ನಲ್ಲೇ ನಾನು ಮುಳುಗಿದ್ದೇನೆ ಎಂದಂತೆ. ನನ್ನ ಕಷ್ಟ ಅದರ ಉಲ್ಟಾ. ಹೊರಗಿನದೆಲ್ಲ ನನ್ನ ಅಪ್ಪಣೆ ಕೇಳದೇ ಒಳಗೆ ನುಗ್ಗುತ್ತದೆ.

ಡಾಕ್ಟರರು ನೌಕರಿಗೆ ತೋರಿಸಲೆಂದು ಒಂದು ಪತ್ರ ಕೊಟ್ಟರು. ಇವರ ಬುದ್ಧಿಗೆ ಯಾವ ಕೊರತೆಯೂ ಇಲ್ಲ. ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡಿ, ಸದ್ದಿಲ್ಲದ ಜಾಗ ಕೊಡಿ, ಉತ್ತರಕ್ಕೆ ಸಮಯ ಕೊಡಿ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಒತ್ತಾಯಿಸಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಓದಿ ನನಗೆ ನಗು ಬಂತು. ಇದಿಷ್ಟನ್ನೂ ಸಾಹೇಬರು ನನಗಿಲ್ಲದ ಒಂದು ರೋಗಕ್ಕೆ ಆಗಲೇ ಕೊಟ್ಟಿದ್ದರು.

ಮರುವರ್ಷ ಸಾಹೇಬರು, ವಯಸ್ಸಾಯಿತೆಂದು, ಆಫೀಸನ್ನು ಸಾಂಗ್ಲಿಯ ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸಲು ನಿರ್ಧರಿಸಿದರು. ಅಲ್ಲಿಂದ ಒಬ್ಬರು ಬಂದು ನಮ್ಮನ್ನೆಲ್ಲ ಹೊಸದಾಗಿ ಸಂದರ್ಶನ ಮಾಡುವವರಿದ್ದರು. 'ಬರೇ ನೆಪಕ್ಕೆ. ನಿನಗೆ ಪ್ರಶ್ನೆಗಳನ್ನು ಬರೆದು ತರಲು ಹೇಳಿದ್ದೇನೆ' ಎಂದು ಸಾಹೇಬರು ಚೀಟಿ ಕೊಟ್ಟರು. ನಾನು ಪತ್ರವನ್ನು ತೋರಿಸಬೇಕೆಂದು ಆಗ ಗಟ್ಟಿ ಮಾಡಿಕೊಂಡೆ. ಎಂಟು ವರ್ಷ ಬೇರೆಯವರ ಐಬಿನಲ್ಲಿ ಬದುಕಿದ್ದೆ. ಒಮ್ಮೆಯಾದರೂ ನನ್ನದೇ ಐಬು ಹೇಳಿ, ನಾನೇ ಆಗಿ ನೌಕರಿಗೆ ನಿಲ್ಲಬೇಕಿತ್ತು. ನನ್ನ ಕೆಲಸ ನೋಡಿದವರು ಇನ್ನು ನನ್ನನ್ನು ಬಿಟ್ಟುಕೊಡಲಾರರು ಎಂಬ ಧೈರ್ಯವೂ ಇತ್ತು. ಮಾಮಾನಿಗೆ ಹೇಳಿದೆ.

"ಹುಚ್ಚಿ ಅದೀಯೇನ? ಕಿವಿ ನಡದದ, ನಡೀಲಿ ಬಿಡು" ಎಂದ.

"ಐಬ ಮೊದಲ ಹೇಳಬೇಕು ಅಂದವ ನೀನ ಅಲ್ಲೇನು ಮಾಮಾ?"

"ಅವ್ರ ಮನ್ಯಾಗ ಇಲ್ಲದ ಐಬ ಹೇಳಬಾರ್ದವಾ" ಎಂದ. ಅವನ ಬಾಯಿಂದ ಸಿಟ್ಟಿಲ್ಲದೆ ಬಂದ ಮಾತು ಅದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂದರ್ಶನದ ದಿನ ಹೊಸಬರು ಸಾಹೇಬರ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಸಾಹೇಬರು. ಮೇಜಿನ ಮೇಲೆ ನನಗಾಗಿ ಟೈಪು ಮಾಡಿ ತಂದಿದ್ದ ಪ್ರಶ್ನೆಗಳ ಹಾಳೆ. ನಾನು ಅದಕ್ಕಿಂತ ಮೊದಲು ಡಾಕ್ಟರರ ಪತ್ರವನ್ನು ಮುಂದಿಟ್ಟೆ. ಜೊತೆಗೆ, ಮಾಮಾ ಹೇಳಿದ್ದು ಸುಳ್ಳು, ನಾನು ತಿದ್ದದೇ ಇದ್ದದ್ದು ತಪ್ಪು, ಕ್ಷಮಿಸಿ ಎಂದು ಸಾಹೇಬರಿಗೆ ಬರೆದ ಚೀಟಿ. ಹೊಸಬರು ಪತ್ರ ಓದಿದರು. ಸಾಹೇಬರು ಚೀಟಿ ಓದಿದರು.

"ಅಂದ್ರ ನಿಮಗ ಕೇಳಸ್ತದ?" ಎಂದು ಹೊಸಬರು ಕೇಳಿದರು.

"ಹೌದ್ರಿ."

"ಎರಡೂ ಕಿವಿ?"

"ಹೌದ್ರಿ."

"ಹಂಗಾರ ಇದರ ಗರಜ ಇಲ್ಲಲ್ಲ" ಎಂದು ಆ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡಿ ಎಂದು ಹೇಳುವ ಪತ್ರ ಇನ್ನೂ ಅವರ ಎಡಗೈಯಲ್ಲೇ ಇತ್ತು.

ಬಾಯಲ್ಲೇ ಕೇಳಿದರು. ಗ್ರೇಸ್ ಅಂಕದ ಪ್ರೋಗ್ರಾಂ ಯಾವ ಕ್ರಮದಲ್ಲಿ ನಿಯಮಗಳನ್ನು ನೋಡುತ್ತದೆ? ನಾನೇ ಬರೆದದ್ದು. ಪ್ರತಿ ಸಾಲೂ ನನ್ನ ಕಣ್ಣಮುಂದೆ ಇತ್ತು. ಎಲ್ಲಿಂದ ಶುರು ಮಾಡಲಿ ಎಂದು ನಾನು ಹುಡುಕುತ್ತಿರುವಾಗಲೇ ಎರಡನೆಯ ಪ್ರಶ್ನೆ ಬಂತು. ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಅವರ ಹುಬ್ಬುಗಳ ನಡುವೆ ದಿಟ್ಟಿ ಇಟ್ಟರೆ ಮುಖ ನೋಡಿದಂತೆ ಕಾಣುತ್ತದೆ ಎಂದು ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಹುಬ್ಬು ನೋಡುವ ಶ್ರಮದಲ್ಲಿ ಮೂರನೆಯ ಪ್ರಶ್ನೆ ಕೇಳಿಸಲೇ ಇಲ್ಲ. "ಇನ್ನೊಮ್ಮೆ ಹೇಳ್ರಿ" ಎಂದೆ. ಅವರು ಸಾಹೇಬರ ಕಡೆ ನೋಡಿ ಮುಗುಳ್ನಕ್ಕು, "ಈಗ ಮತ್ತ ಕಿವಿ ಹೋತೇನು?" ಎಂದರು. ಆಮೇಲೆ ನನ್ನಿಂದ ಒಂದು ಶಬ್ದವೂ ಹೊರಡಲಿಲ್ಲ. ಈ ಪ್ರೋಗ್ರಾಂ ನಿಜವಾಗಿ ಇವರೇ ಬರೆದದ್ದಾ ಎಂದು ಅವರು ಮರಾಠಿಯಲ್ಲಿ ಸಾಹೇಬರನ್ನು ಕೇಳಿದರು.

ಸಾಹೇಬರು ಹೌದು ಎಂದರು, ಅಷ್ಟೇ. ಇನ್ನೂ ಏನಾದರೂ ಹೇಳಬಹುದಿತ್ತು. ನಾನು ಎದ್ದು ಹೊರಗೆ ಬಂದಾಗ ಹಿಂದೆಯೇ ಮೆಟ್ಟಿಲ ಹತ್ತಿರ ಬಂದು ನಿಂತರು. ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದರು, ಅದೂ ನನ್ನ ಎಡಕ್ಕೆ ನಿಂತು.

"ಎಂಟ ವರ್ಷ ಚೀಟಿ ಬರದೀನಿ ತಂಗಿ. ನನ್ನ ಕಾಕಾನ ನೆನಪಾಗಿ ಬರದೀನಿ."

"ತಪ್ಪಾತ್ರಿ ಸಾಹೇಬ್ರ."

"ಕಿವುಡಿ ಇದ್ದಿದ್ರ ಚಲೋ ಇತ್ತು" ಎಂದು ಒಳಗೆ ಹೋದರು.

ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವರನ್ನು ಕ್ಷಮಿಸಿದ್ದೇನೆ ಎಂದರೆ ಸುಳ್ಳಾಗುತ್ತದೆ. ನನಗೆ ಬೇಕಾಗಿದ್ದದ್ದು ಅದೇ ಚೀಟಿ, ಅದೇ ಮೂಲೆ. ಕಾರಣ ಮಾತ್ರ ಬದಲಾಗಿತ್ತು. ಕಿವಿಗೆ ಕೊಟ್ಟದ್ದನ್ನು ನನಗೆ ಕೊಡಲು ಅವರಿಗೆ ಆಗಲಿಲ್ಲ.

ಹೊಸ ಕಂಪನಿ ನನ್ನನ್ನು ತೆಗೆದುಕೊಳ್ಳಲಿಲ್ಲ. ಮೂರು ತಿಂಗಳು ಮನೆಯಲ್ಲಿದ್ದೆ. ಒಂದು ದಿನ ಸಾಂಗ್ಲಿಯಿಂದ ದಪ್ಪ ಲಕೋಟೆ ಬಂತು. ಫಲಿತಾಂಶದ ಕಾಲ ಹತ್ತಿರ ಬಂದಿತ್ತು. ನಿಯಮ ಬದಲಾಗಿತ್ತು, ನನ್ನ ಪ್ರೋಗ್ರಾಂ ಎಲ್ಲಿ ತಿದ್ದಬೇಕೆಂದು ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಹದಿನಾಲ್ಕು ಪ್ರಶ್ನೆಗಳು. ಅಚ್ಚುಕಟ್ಟಾಗಿ ಟೈಪು ಮಾಡಿ, ಒಂದೊಂದರ ಕೆಳಗೂ ಉತ್ತರಕ್ಕೆ ಜಾಗ ಬಿಟ್ಟಿದ್ದರು. ಅವಸರವಿಲ್ಲ, ನಿಮಗೆ ಅನುಕೂಲವಾದಾಗ ಬರೆದು ಕಳಿಸಿ ಎಂದಿತ್ತು. ಕೆಳಗೆ ಅದೇ ಹೊಸಬರ ಸಹಿ. ನೌಕರಿಯ ಮಾತು ಎಲ್ಲಿಯೂ ಇರಲಿಲ್ಲ.

ಹರಿದು ಒಲೆಗೆ ಹಾಕು ಎಂದಳು ಅವ್ವ. ನಾನು ಹಿತ್ತಲಲ್ಲಿ ಕುಳಿತು ಹದಿನಾಲ್ಕಕ್ಕೂ ಉತ್ತರ ಬರೆದೆ. ಪ್ರಶ್ನೆಗಳು ಚೆನ್ನಾಗಿದ್ದವು, ಬಿಡಲು ಮನಸ್ಸಾಗಲಿಲ್ಲ, ಅದು ನನ್ನ ಕಷ್ಟ. ಎಲ್ಲಿಯೂ ತಡವರಿಸಲಿಲ್ಲ, ಎರಡು ಕಡೆ ಅವರ ಪ್ರಶ್ನೆಯನ್ನೇ ತಿದ್ದಿದೆ. ಅಪ್ಪ ಅದನ್ನು ಅಂಚೆಗೆ ಹಾಕಿ ಬಂದ. ಅವನು ಸೈಕಲ್ ನಿಲ್ಲಿಸುತ್ತಿದ್ದಾಗ, ಮೂರು ತಿಂಗಳ ಹಿಂದಿನ ಆ ಸಂದರ್ಶನದಲ್ಲಿ ನಾನು ಈಗ ಪಾಸಾದೆ ಎಂದು ನನಗೆ ಹೊಳೆಯಿತು.